ಮೂರು ಚುಕ್ಕಿಯ ಬಿಳಿ ಬಟ್ಟೆ

ಸೀನು ಬ್ಲೇಡನ್ನು ಅದರ ಕಾಗದದ ಸಮೇತ ನಡುವೆ ಮುರಿದು, ಅರ್ಧ ತುಂಡನ್ನು ನನ್ನ ಮೂಗಿನ ಮುಂದೆ ಹಿಡಿದ.

"ನೋಡ್ಕೊಳ್ಳಿ ಮೇಡಂ. ಒಬ್ಬರಿಗೆ ಅರ್ಧ ಬ್ಲೇಡು. ಮುಗೀತಾ, ಸೀದಾ ಡಬ್ಬಕ್ಕೆ. ಇನ್ನೊಬ್ರಿಗೆ ಇನ್ನರ್ಧ. ಏಡ್ಸ್ ಏಡ್ಸ್ ಅಂತ ಊರೆಲ್ಲ ಬಾಯಿ ಬಡ್ಕೊಂಡ್ರಲ್ಲ, ನಮ್ಮಪ್ಪ ಅವಾಗ್ಲೇ ಶುರು ಮಾಡಿದ್ದು. ಸ್ಕೂಲ್ ಹುಡುಗ್ರಿಗೂ ಹಿಂಗೇ. ಬೇಕಿದ್ರೆ ಡಬ್ಬ ಸುರೀತೀನಿ, ನೋಡಿ."

"ಬೇಡ ಬಿಡಿ," ಎಂದೆ.

ಅಂದು ಮಂಗಳವಾರ, ಕ್ಷೌರದಂಗಡಿಗಳಿಗೆ ರಜೆ. ಗೊಟ್ಟಿಗೆರೆ ಬಸ್ ಸ್ಟಾಪಿನ ಹಿಂದಿರುವ ಅವನ ಅಂಗಡಿಯ ಷಟರನ್ನು ಅರ್ಧ ಎತ್ತಿಸಿ, ಬಗ್ಗಿ ಒಳಗೆ ಬಂದಿದ್ದೆ. ಹುಡುಗರ ಕತ್ತಿಗೆ ರೋಗ ಅಂಟಿಸಿದ್ದು ಇವನ ಬ್ಲೇಡೇ ಎಂದು ಒಂದು ವಾರದಿಂದ ನಂಬಿಕೊಂಡಿದ್ದೆ. ಆ ನಂಬಿಕೆ ಅರ್ಧ ಬ್ಲೇಡಿನ ಮುಂದೆ ಮುರಿದು ಬಿತ್ತು. ಸಿಟ್ಟು ಬಂತು. ಸೀನುವಿನ ಮೇಲಲ್ಲ, ನನ್ನ ಮೇಲೆಯೇ.

ಎಂಟನೇ ಕ್ಲಾಸಿನ ರವಿಕುಮಾರನ ಕತ್ತಿನ ಹಿಂದೆ ಒಂದು ಕುರು ಎದ್ದಿತ್ತು, ಜ್ವರ ಬಂತು, ಹುಡುಗ ಸತ್ತೇ ಹೋದ. ಅದರ ಹಿಂದಿನ ವಾರ ಅವನ ಬೆನ್ನಿಗೆ ಗುದ್ದಿದ್ದರೆಂದು ಪಿ.ಟಿ. ಮಾಸ್ತರ್ ಕೊಟ್ರಪ್ಪನವರನ್ನು ಪೊಲೀಸರು ಹಿಡಿದು ಪರಪ್ಪನ ಅಗ್ರಹಾರದ ಜೈಲಿಗೆ ಹಾಕಿದ್ದರು. ಪೋಸ್ಟ್ ಮಾರ್ಟಂ ವರದಿ ಇನ್ನೂ ಬಂದಿರಲಿಲ್ಲ. ಆದರೆ ಅದೇ ಕ್ಲಾಸಿನ ಇನ್ನಿಬ್ಬರು ಹುಡುಗರ ಕುರುವಿನ ಕೀವನ್ನು ಪರೀಕ್ಷೆ ಮಾಡಿದ ಜಯನಗರದ ಲ್ಯಾಬಿನ ಡಾಕ್ಟರ್ ವೆಂಕಟಾಚಲ ಬೇರೆಯೇ ಮಾತು ಹೇಳಿದ್ದರು.

"ಏಟಿಗೂ ಇದಕ್ಕೂ ಸಂಬಂಧ ಇಲ್ಲಮ್ಮ. ಇದು ಸ್ಟ್ಯಾಫ್ ಅನ್ನೋ ರೋಗಾಣು. ಅದೂ ಮಾಮೂಲಿ ಮಾತ್ರೆಗಳಿಗೆ ಬಗ್ಗದೇ ಇರೋ ಜಾತಿ. ರಕ್ತಕ್ಕೆ ಇಳಿದ್ರೆ ಮುಗೀತು. ಗಾಳೀಲಿ ಹಾರ್ಕೊಂಡು ಬರಲ್ಲ, ಚರ್ಮದಿಂದ ಚರ್ಮಕ್ಕೆ, ಟವೆಲಿಂದ ಚರ್ಮಕ್ಕೆ ಹೋಗತ್ತೆ. ನಮ್ಮಲ್ಲಿ ಇದು ಹೆಚ್ಚಾಗಿ ಕಾಣಿಸೋದು ಆಸ್ಪತ್ರೆಗಳಲ್ಲಿ. ಸ್ಕೂಲಿಗೆ ಹೇಗೆ ಬಂತು ಅನ್ನೋದನ್ನ ನೀವು ಹುಡುಕಿ."

ಅವರು ಹೇಳಿಕೊಟ್ಟದ್ದನ್ನೆಲ್ಲ ನಾನು ಗಿಳಿಯಂತೆ ಶಾಲೆಯ ಆಫೀಸಿಗೆ ಒಪ್ಪಿಸಿ ಬಂದಿದ್ದೆ. ಕುರು ಎದ್ದ ಮಕ್ಕಳಿಗೆ ಬ್ಯಾಂಡೇಜು ಮುಚ್ಚಿಸಿ. ಅವರವರ ಟವೆಲು ಅವರವರಿಗೆ ಇರಲಿ. ನಲ್ಲಿಯ ಹತ್ತಿರ ಸೋಪು ಇಡಿ. ಡಾಕ್ಟರು ಕೊಟ್ಟ ಮಾತ್ರೆಯನ್ನು ಅರ್ಧಕ್ಕೆ ಬಿಡಬೇಡಿ ಎಂದು ಮನೆಮನೆಗೂ ಹೇಳಿ. ಹೆಡ್ ಮೇಡಂ ಹಲ್ಲು ಬಿಟ್ಟು ನಕ್ಕು, "ಮಾವಿನಹಣ್ಣು ತಿಂದಿರ್ತಾವೆ, ಉಷ್ಣ," ಎಂದಿದ್ದರು. ಇಸವಿ ಎರಡು ಸಾವಿರದ ಆರು. ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾರೆ, ಮಗುವಿನ ಕತ್ತಿನಲ್ಲಿ ಕೀವು ತುಂಬಿದರೆ ಮಾತ್ರ ಉಷ್ಣ! ಆ ನಲ್ಲಿಯ ಹತ್ತಿರ ಇವತ್ತಿಗೂ ಸೋಪಿಲ್ಲ.

ನನ್ನನ್ನು ಈ ಕೆಲಸಕ್ಕೆ ಹಚ್ಚಿದವಳು ರವಿಯ ತಾಯಿ ಯಲ್ಲವ್ವ. ಗದಗದ ಕಡೆಯವಳು, ನಾನು ಹಾವೇರಿಯವಳು. ಮದುವೆಗೆ ಮೊದಲು ಗಂಡಿನ ಸಂಬಳ, ಹೆಣ್ಣಿನ ಹಳೇ ಸ್ನೇಹ ಹುಡುಕಿಕೊಡುವ ನನ್ನಂಥ ಚಿಲ್ಲರೆ ಪತ್ತೇದಾರಳ ಮುಂದೆ ಕೂತು ಅವಳು ಕೇಳಿದ್ದು ಒಂದೇ ಮಾತು.

"ಯಾರು ಕೊಂದ್ರು ಅನ್ನೂದು ಆಮ್ಯಾಲ ಹೇಳ್ರಿ ಅಕ್ಕಾರ. ನನ್ನ ಸಣ್ಣ ಮಗನ್ನ ಆ ಸಾಲಿಗೆ ಕಳಸಲೋ ಬ್ಯಾಡೋ, ಅದನ್ನ ಮೊದಲ ಹೇಳ್ರಿ."

ಸಣ್ಣವನು ಚನ್ನವೀರ, ಐದನೇ ಕ್ಲಾಸು. ಅಪ್ಪ ಹನಮಂತ ಅದೇ ಶಾಲೆಯ ವ್ಯಾನು ಓಡಿಸುತ್ತಾನೆ, ಹಾಗಾಗಿ ಬಿ.ಟಿ.ಎಂ.ನಿಂದ ಇಷ್ಟು ದೂರ ಇಬ್ಬರನ್ನೂ ಇಲ್ಲಿಗೇ ಹಾಕಿದ್ದರು. ಅವಳ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿರಲಿಲ್ಲ.

"ಟೀ ಹೇಳ್ಲಾ ಮೇಡಂ?" ಸೀನು ಕೇಳಿದ.

"ಟೀ ಬೇಡ. ಸೋಮವಾರ ಸ್ಕೂಲಲ್ಲಿ ಹೆಂಗ್ ಮಾಡ್ತೀರಾ, ನನಗೆ ಮಾಡಿ ತೋರ್ಸಿ."

ಅವನು ಎರಡು ಹೆಜ್ಜೆ ಹಿಂದೆ ಸರಿದ. "ಲೇಡೀಸ್‌ಗೆ ನಾವು ಮಾಡಲ್ಲ ಮೇಡಂ."

"ಕತ್ತರಿ ಮುಟ್ಟಬೇಡಿ ಮಾರಾಯ್ರೇ. ಬಟ್ಟೆ ಕಟ್ಟಿ, ಬೆರಳಲ್ಲಿ ತೋರ್ಸಿ, ಸಾಕು."

ಆ ಶಾಲೆಯಲ್ಲಿ ಸೋಮವಾರ ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ತಲೆ ನೋಡುವ ಶಾಸ್ತ್ರ ನಡೆಯುತ್ತದೆ. ಕೂದಲು ಕಿವಿಗೆ ತಾಗಿದವರನ್ನು ಸಾಲಾಗಿ ನೀರಿನ ಟ್ಯಾಂಕಿನ ಹಿಂದೆ ಕಳಿಸುತ್ತಾರೆ. ಅಲ್ಲಿ ಸೀನು ಸ್ಟೂಲು ಹಾಕಿಕೊಂಡು ಕಾದಿರುತ್ತಾನೆ. ಕುರು ಎದ್ದ ಹುಡುಗರೆಲ್ಲ ಆ ಸ್ಟೂಲಿನ ಮೇಲೆ ಕೂತು ಎದ್ದವರೇ ಆಗಿದ್ದರು.

ಕುರ್ಚಿಯಲ್ಲಿ ಕೂತೆ. ಅವನು ಮುಜುಗರದಿಂದಲೇ ಬಟ್ಟೆ ಹೊದಿಸಿ, ಹಿಂದೆ ಗಂಟು ಹಾಕಿದ. ಕೂದಲು ಮುಗಿಯುವ ಜಾಗದಲ್ಲಿ ಬೆರಳಿನಿಂದ ಗೆರೆ ಎಳೆದ. "ಬ್ಲೇಡ್ ಇಲ್ಲೀವರ್ಗೂ ಬರತ್ತೆ. ಇದರಿಂದ ಕೆಳಕ್ಕೆ ಇಳಿಯಲ್ಲ."

ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಾ ಆ ಮಕ್ಕಳ ಕತ್ತುಗಳನ್ನು ನೆನಪಿಸಿಕೊಂಡೆ. ಕುರುಗಳು ಇದ್ದದ್ದು ಅಲ್ಲಲ್ಲ. ಇನ್ನೂ ಕೆಳಗೆ, ತಲೆ ಬಗ್ಗಿಸಿದರೆ ಉಬ್ಬಿಕೊಳ್ಳುವ ಎಲುಬಿನ ಮೇಲೆ. ಸರಿಯಾಗಿ ಅದೇ ಜಾಗದಲ್ಲಿ ಈಗ ನನಗೆ ಬಟ್ಟೆಯ ಗಂಟು ಒತ್ತುತ್ತಿತ್ತು.

"ಗಂಟು ಇಲ್ಲೇ ಕಟ್ಟೋದಾ?"

"ಹೂಂ. ಸ್ಕೂಲಲ್ಲಿ ಇನ್ನೂ ಸ್ವಲ್ಪ ಬಿಗೀತೀನಿ, ಹುಡುಗ್ರು ಅಲ್ಲಾಡ್ತಾ ಇರ್ತಾವಲ್ಲ. ಆಮೇಲೆ ನೀರು ಹೊಡ್ದು, ಬ್ಲೇಡ್ ಎಳ್ದು, ಬಟ್ಟೆ ತುದೀಲೇ ಕತ್ತು ಉಜ್ಜಿ ಕಳಿಸ್ತೀನಿ."

"ಇದೇ ಬಟ್ಟೇಲಾ?"

ಸೀನು ನಕ್ಕ. ಅದು ಖುಷಿಯ ನಗುವಾಗಿರಲಿಲ್ಲ. "ದಿನಾ ಒಗ್ದು ಬಿಸಿಲಿಗೆ ಹಾಕ್ತೀನಿ, ಆದ್ರೂ ನಮ್ಮ ಅಂಗಡಿ ಬಟ್ಟೆ ಆ ಮಕ್ಕಳ ಮೈ ಮೇಲಾ? ಸರಿಹೋಯ್ತು. ಮೊದಲ್ನೇ ದಿನಾನೇ ಗೌಡ್ರು ಹೇಳ್ಬಿಟ್ರು, ಕತ್ತರಿ ನಿಂದು, ಬಟ್ಟೆ ನಮ್ಮದು ಅಂತ. ಊರೋರಿಗೆಲ್ಲ ಹೊದಿಸಿದ್ದು, ಮೈಲಿಗೆ, ನಮ್ಮ ಮಕ್ಕಳಿಗೆ ಬೇಡ ಅಂತ. ಅವರೇ ಒಂದು ಬಿಳೀ ಬಟ್ಟೆ ಕೊಡ್ತಿದ್ರು. ಒಳ್ಳೇ ದಪ್ಪ ಕಾಟನ್ನು. ಎಲ್ಲಾ ಹುಡುಗ್ರಿಗೂ ಅದೊಂದೇ."

ಗೌಡರು ಎಂದರೆ ಶಾಲೆಯ ಅಧ್ಯಕ್ಷ ಚಿಕ್ಕಬೈರಪ್ಪ.

"ಕೊಡ್ತಿದ್ರು ಅಂದ್ರೆ? ಈಗ ಕೊಡಲ್ವಾ?"

"ಅದೇ ಮೇಡಂ ವಿಚಿತ್ರ. ಆ ಹುಡುಗ ಹೋದ್ನಲ್ಲ, ಅದರ ಮುಂದಿನ ಸೋಮವಾರ ಹೋದ್ರೆ ಬಟ್ಟೆ ಇಲ್ಲ. ಗೌಡ್ರು ಬಂದು, ಇನ್ಮೇಲೆ ನಿಂದೇ ತಗಂಬಾ ಸೀನು ಅಂದ್ರು. ನಾನು ಕೇಳೂ ಕೇಳ್ದೆ, ಮೈಲಿಗೆ ಆಗಲ್ವಾ ಸಾರ್ ಅಂತ. ಸುಮ್ನೆ ಹೋಗ್ಬಿಟ್ರು."

ನಾನು ಕುರ್ಚಿಯಿಂದ ಎದ್ದೆ. ತಲೆತಲಾಂತರದಿಂದ ಬಂದ ಮೈಲಿಗೆ ಒಂದು ವಾರದಲ್ಲಿ ತಾನಾಗಿ ತೊಳೆದುಹೋಗುವುದಿಲ್ಲ. ಆ ಬಿಳಿ ಬಟ್ಟೆ ಮೈಲಿಗೆಗಿಂತ ಕೆಟ್ಟದ್ದು ಎಂದು ಚಿಕ್ಕಬೈರಪ್ಪನವರಿಗೆ ಆ ವಾರ ಗೊತ್ತಾಗಿರಬೇಕು.

"ಆ ಬಟ್ಟೆಯ ಒಂದು ನೂಲಾದರೂ ಸಿಗಬಹುದಾ?"

ಸೀನು ತಲೆ ಕೆರೆದುಕೊಂಡ. ಆಮೇಲೆ ಶಾಲೆಗೆ ಒಯ್ಯುವ ಕೈಚೀಲದಿಂದ ಕತ್ತರಿಯೊಂದನ್ನು ತೆಗೆದ. ಅದಕ್ಕೆ ಬಿಳಿ ಬಟ್ಟೆಯ ಚೂರೊಂದನ್ನು ಸುತ್ತಿದ್ದ. "ಕದ್ದಿದ್ದಲ್ಲ ಮೇಡಂ. ಮೂಲೆ ಹರಿದು ಜೋಲಾಡ್ತಿತ್ತು, ಕಿತ್ಕೊಂಡೆ."

ಹಾಲಿನ ಖಾಲಿ ಕವರೊಂದನ್ನು ಕೈಗೆ ತೊಟ್ಟುಕೊಂಡು ಚೂರನ್ನು ಬಿಡಿಸಿದೆ. ಮೂಲೆಯಲ್ಲಿ ಕಪ್ಪು ಗುರುತಿತ್ತು. ಸಾಲಾಗಿ ಮೂರು ಚುಕ್ಕಿ, ಕೆಳಗೊಂದು ಅಡ್ಡ ಗೆರೆ. ಯಾರ ಬಟ್ಟೆ ಯಾರದೆಂದು ತಿಳಿಯಲು ಅಗಸರು ಹಾಕುವ ಮಸಿಯ ಗುರುತು, ಎಷ್ಟು ಒಗೆದರೂ ಹೋಗದಂಥದ್ದು.

ಈ ಗುರುತನ್ನು ನಾನು ನೋಡಿದ್ದೆ. ಹೋದ ವಾರವೇ. ಜೆ.ಪಿ. ನಗರದ ನರ್ಸಿಂಗ್ ಹೋಮಿನಲ್ಲಿ, ಡ್ರಿಪ್ಪು ಹಾಕಿಸಿಕೊಂಡು ಮಲಗಿದ್ದ ಹುಡುಗನೊಬ್ಬನ ಮೊಣಕೈ ಕೆಳಗಿನ ಬೆಡ್‌ಶೀಟಿನ ಮೇಲೆ. ಆ ಹುಡುಗ ಮೋಹಿತ್, ರವಿಯ ಕ್ಲಾಸಿನವನು, ಚಿಕ್ಕಬೈರಪ್ಪನವರ ಸ್ವಂತ ಮೊಮ್ಮಗ. ರವಿ ಸತ್ತ ಮೇಲೆ ಅವನ ಕತ್ತಿನಲ್ಲೂ ಕುರು ಎದ್ದಿತ್ತು.

"ಸೀನು, ಸೋಪು ಹಾಕಿ ಚೆನ್ನಾಗಿ ಕೈ ತೊಳ್ಕೊಳ್ಳಿ. ಕತ್ತರೀನ ಕುದಿಯೋ ನೀರಿಗೆ ಹಾಕಿ. ಈ ಚೂರಿನ ವಿಷಯ ಯಾರ ಹತ್ರಾನೂ ಬಾಯಿ ಬಿಡಬೇಡಿ."

"ಮೇಡಂ," ಅವನ ದನಿ ಇಳಿದಿತ್ತು, "ನನ್ನ ಕೈಯಿಂದಾನೇ ಹೋಯ್ತಾ ಆ ಹುಡುಗ?"

ಚೂರನ್ನು ಅದೇ ಕವರಿನೊಳಗೆ ಹಾಕಿಕೊಂಡೆ. ಷಟರಿನ ಕೆಳಗೆ ಬಗ್ಗಿ ಹೊರಗೆ ಬಂದೆ.

*

ನರ್ಸಿಂಗ್ ಹೋಮಿನ ಮೆಟ್ಟಿಲ ಕೆಳಗೆ ಕೊಳಕು ಬಟ್ಟೆಯ ಗುಡ್ಡೆಯಿತ್ತು. ಮೇಲಿದ್ದ ಬೆಡ್‌ಶೀಟಿನ ಮೂಲೆಯನ್ನು ಪೆನ್ನಿನ ತುದಿಯಿಂದ ಎತ್ತಿದೆ. ಮೂರು ಚುಕ್ಕಿ, ಒಂದು ಗೆರೆ. ಪಕ್ಕದಲ್ಲೇ ಇನ್ನೊಂದು ಚಿಕ್ಕ ಗುಡ್ಡೆ ಇತ್ತು, ಹರಿದವು. ಒಗೆಯುವುದಕ್ಕೆ ಮೊದಲೇ ಬೇರೆ ಮಾಡಿ ಎಸೆದಿದ್ದರು. ಒಂದರ ಮೇಲೆ ಒಣಗಿದ ಹಳದಿ ಕಲೆಯಿತ್ತು.

ಮೇಲೆ ಕಾರಿಡಾರಿನ ಬೆಂಚಿನಲ್ಲಿ ಚಿಕ್ಕಬೈರಪ್ಪ ಒಬ್ಬರೇ ಕೂತಿದ್ದರು. ಬಿಳಿ ಪಂಚೆ, ಬಿಳಿ ಷರಟು, ಪಕ್ಕದಲ್ಲಿ ಟಿಫನ್ ಕ್ಯಾರಿಯರ್. ಶಾಲೆ ನಿಂತಿರುವ ಜಾಗದಲ್ಲಿ ಹಿಂದೆ ಅವರು ರಾಗಿ ಬೆಳೆಯುತ್ತಿದ್ದರು. ಈ ನರ್ಸಿಂಗ್ ಹೋಮಿನ ಕಟ್ಟಡವೂ ಅವರದೇ, ಬಾಡಿಗೆಗೆ ಕೊಟ್ಟಿದ್ದರು.

"ಬಾರಮ್ಮ ಒಂದ್ ಬಲ್ಬು," ಎಂದರು.

ಭಾಗ್ಯಜ್ಯೋತಿ ಎಂದು ಹೆಸರಿಟ್ಟುಕೊಂಡು ಈ ರಾಜ್ಯದಲ್ಲಿ ಬಾಳುವುದು ಕಷ್ಟ. ಬಡವರ ಮನೆಗೆ ಸರ್ಕಾರ ಒಂದು ಬಲ್ಬಿನ ಕರೆಂಟು ಕೊಡುವ ಸ್ಕೀಮಿಗೂ ಅದೇ ಹೆಸರು. ಮೊದಲ ಸಲ ಕರೆದಾಗ ನಕ್ಕಿದ್ದೆ. ಇವತ್ತು ನಗು ಬರಲಿಲ್ಲ.

"ಮೋಹಿತ್ ಹೇಗಿದ್ದಾನೆ ಸಾರ್?"

"ಜ್ವರ ಇಳೀತು ಕಣಮ್ಮ. ಬೆಳಗ್ಗೆ ಇಡ್ಲಿ ಬೇಕು ಅಂತ ಬಾಯ್ಬಿಟ್ಟು ಕೇಳ್ದ. ದೇವ್ರು ದೊಡ್ಡೋನು." ಅವರ ಕಣ್ಣು ಒದ್ದೆಯಾಗಿತ್ತು. ನನಗೂ ನಿಜವಾಗಿ ಸಂತೋಷವಾಯಿತು. ಹುಡುಗನ ತಪ್ಪೇನಿದೆ?

ಹಾಲಿನ ಕವರನ್ನು ಬೆಂಚಿನ ಮೇಲೆ, ನಮ್ಮಿಬ್ಬರ ನಡುವೆ ಇಟ್ಟೆ. ಒಳಗಿನ ಬಿಳಿ ಚೂರು, ಕಪ್ಪು ಚುಕ್ಕಿ ಎರಡೂ ಕಾಣುತ್ತಿದ್ದವು.

"ಏನದು?"

"ಸ್ಕೂಲಿನ ಕಟಿಂಗ್ ಬಟ್ಟೆ. ಸುಡುವಾಗ ಇದೊಂದು ಚೂರು ತಪ್ಪಿಸಿಕೊಂಡಿದೆ."

ಸುಟ್ಟಿದ್ದಾರೆಂದು ನನಗೇನೂ ಗೊತ್ತಿರಲಿಲ್ಲ. ಕತ್ತಲಲ್ಲಿ ಕಲ್ಲು ಎಸೆದಿದ್ದೆ, ಅಷ್ಟೇ.

"ಸುಟ್ಟಿದ್ದು ನಿಂಗ್ಯಾರು ಹೇಳಿದ್ದು?" ಎಂದರು. ಹೇಳಿದ ಮೇಲೆ, ಬಾಯಿ ಜಾರಿತೆಂದು ಅವರಿಗೇ ಗೊತ್ತಾಯಿತು.

ಸುಮ್ಮನೆ ಕೂತರೆ ಎದುರಿನವರು ತಾವಾಗಿ ಬಾಯಿ ಬಿಡುತ್ತಾರೆ, ಮದುವೆ ವಿಚಾರಣೆಗಳಲ್ಲಿ ಕಲಿತ ಪಾಠ.

"ಒಳ್ಳೇ ಬಟ್ಟೆ ಕಣಮ್ಮ," ಅವರು ಕೊನೆಗೆ ಹೇಳಿದರು. "ಇಲ್ಲಿ ಒಂದು ತುದಿ ಹರಿದ್ರೆ ಸಾಕು, ಎಸೀತಾರೆ. ನಾನು ಬೇಸಾಯ ಮಾಡ್ದೋನು. ಬಟ್ಟೆ ಎಸೆಯೋದು ಕಂಡ್ರೆ ಹೊಟ್ಟೆ ಉರೀತೈತೆ. ಮೂಟೆ ಕಟ್ಟಿಸಿ ಸ್ಕೂಲಿಗೆ ಹಾಕ್ಸಿದೆ. ಸಿಕ್ ರೂಮ್ ಮಂಚಕ್ಕಾಯ್ತು, ಬೋರ್ಡ್ ಒರ್ಸಕ್ಕಾಯ್ತು, ಕಟಿಂಗ್‌ಗಾಯ್ತು. ನಮ್ ಮೊಮ್ಮಗಂಗೂ ಅದ್ನೇ ಹೊದಿಸವ್ರೆ. ಗೊತ್ತಿದ್ರೆ ಹೊದಿಸ್ತಿದ್ನಾ?"

"ಒಗೆಸಲಿಲ್ವಾ?"

"ಆಸ್ಪತ್ರೆದಲ್ವಾ, ಒಗ್ದೇ ಇರ್ತಾರೆ ಅಂದ್ಕಂಡೆ."

ನನಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಸೀನು ದಿನಾ ಒಗೆದು ಬಿಸಿಲಿಗೆ ಹಾಕುವ ಬಟ್ಟೆ ಇವರಿಗೆ ಮೈಲಿಗೆ. ಯಾರದೋ ಕೀವು ಒರೆಸಿದ ಬಟ್ಟೆ ಮಡಿ, ಯಾಕೆಂದರೆ ಅದು ಬೆಳ್ಳಗಿತ್ತು, ಆಸ್ಪತ್ರೆಯಿಂದ ಬಂದಿತ್ತು.

"ತರುವಾಗ ಗೊತ್ತಿರಲಿಲ್ಲ, ಒಪ್ಕೋತೀನಿ. ಆಮೇಲೆ ಯಾವಾಗ ಗೊತ್ತಾಯ್ತು ಸಾರ್?"

ಅವರು ಟಿಫನ್ ಕ್ಯಾರಿಯರನ್ನು ತಮ್ಮ ಕಡೆಗೆ ಎಳೆದುಕೊಂಡರು.

"ನಾನೇ ಹೇಳ್ಲಾ? ರವಿ ಸತ್ತ ಮೇಲೆ. ಇಲ್ಲಿನ ಡಾಕ್ಟರು ಕಿವೀಲಿ ಹೇಳಿದ್ರು, ಆ ಬಟ್ಟೆಗಳನ್ನ ಸುಟ್ಹಾಕಿ ಅಂತ. ಅದಕ್ಕೇ ಸುಟ್ರಿ. ಅದಕ್ಕೇ ಸೀನು ಬಟ್ಟೆ ಮೈಲಿಗೆ ಒಂದೇ ವಾರದಲ್ಲಿ ಹೋಯ್ತು. ಅದಕ್ಕೇ ಮೋಹಿತ್‌ಗೆ ಕುರು ಎದ್ದ ದಿನಾನೇ ಇಲ್ಲಿಗೆ ತಂದು ಸರಿಯಾದ ಇಂಜೆಕ್ಷನ್ ಹಾಕ್ಸಿದ್ರಿ. ಒಳ್ಳೇದಾಯ್ತು, ಮಗು ಉಳೀತು. ಮಿಕ್ಕ ಮಕ್ಕಳಿಗೆ ಮಾತ್ರ ಮಾವಿನಹಣ್ಣು, ಉಷ್ಣ!"

"ಮೆಲ್ಲಗೆ ಮಾತಾಡಮ್ಮ, ಮೊಗ ಮಲಗೈತೆ."

"ಯಲ್ಲವ್ವನ ಮಗಾನೂ ಮಲಗಿದ್ದಾನೆ."

ಅವರು ಟಿಫನ್ ಕ್ಯಾರಿಯರಿನ ಹಿಡಿಯನ್ನು ಮೇಲೆ ಕೆಳಗೆ ಆಡಿಸುತ್ತಾ ಕೂತರು. "ಬಾಯ್ಬಿಟ್ಟಿದ್ರೆ ಒಂದು ಮಗೂನೂ ಸ್ಕೂಲಿಗೆ ಬರ್ತಿರ್ಲಿಲ್ಲ. ಬಾಗ್ಲು ಹಾಕ್ಬೇಕಿತ್ತು. ಬಟ್ಟೆ ಸುಟ್ರೆ ಅಲ್ಲಿಗೆ ಮುಗೀತದೆ ಅಂದ್ಕಂಡೆ. ಇನ್ಯಾರಿಗೂ ಏನೂ ಆಗ್ಲಿಲ್ವಲ್ಲ."

"ಕೊಟ್ರಪ್ಪ ಮಾಸ್ತರು ಜೈಲಲ್ಲಿದ್ದಾರೆ."

"ಗುದ್ದಿದ್ದು ದಿಟ ತಾನೆ?"

ಆ ಟಿಫನ್ ಕ್ಯಾರಿಯರನ್ನು ಕಿತ್ತು ಗೋಡೆಗೆ ಬಡಿಯಬೇಕೆನ್ನಿಸಿತು. ಕೈ ಕಟ್ಟಿಕೊಂಡೆ. ಕೇಳಬೇಕಾದ ಮುಖ್ಯವಾದ ಮಾತು ಇನ್ನೂ ಬಾಕಿ ಇತ್ತು.

"ಎಲ್ಲಾ ಸುಟ್ರಾ? ಒಂದೂ ಉಳಿದಿಲ್ವಾ? ನಿಮ್ಮ ಮೊಮ್ಮಗನ ಮೇಲೆ ಆಣೆ ಇಟ್ಟು ಹೇಳಿ."

ಮುದುಕರು ಆ ಮಾತಿಗೆ ಬೆಚ್ಚಿದರು. ವಾರ್ಡಿನ ಬಾಗಿಲ ಕಡೆ ನೋಡಿದರು.

"ಆಣೆ ಗೀಣೆ ಯಾಕಮ್ಮ? ನಾನೇ ನಿಂತು ಸುಡ್ಸಿದೀನಿ." ಪಂಚೆಯ ಅಂಚು ಸರಿಮಾಡಿಕೊಳ್ಳುತ್ತಾ, "ಒಂದ್ ಬಿಟ್ಟು," ಎಂದರು.

"ಯಾವುದು?"

"ಆವತ್ತು ಆ ಹುಡುಗ ಸಿಕ್ ರೂಮಲ್ಲಿ ಚಳಿ ಚಳಿ ಅಂತಿದ್ದ. ಅವರಪ್ಪ ಮಂಚದ ಮೇಲಿದ್ದ ಬಟ್ಟೇನೇ ಸುತ್ತಿ ಎತ್ಕಂಡು ವ್ಯಾನಿಗೆ ಹಾಕ್ಕಂಡ."

"ಅದೆಲ್ಲಿದೆ ಈಗ?"

ಅವರು ನನ್ನ ಕಡೆ ನೋಡಲಿಲ್ಲ. "ಹುಡುಗನ ಜೊತೇಲೇ ಮಣ್ಣಾಯ್ತು. ಬಿಡಮ್ಮ ಅದನ್ನ."

*

ಕೆಳಗೆ ಬಂದು ನನ್ನ ಕೈನೆಟಿಕ್ ಸ್ಕೂಟರಿನ ಸ್ಟ್ಯಾಂಡು ತೆಗೆದೆ. ಎದೆಯ ಭಾರ ಅರ್ಧ ಇಳಿದಂತಿತ್ತು. ಬಟ್ಟೆ ಸಿಕ್ಕಿತು, ಬಂದ ದಾರಿ ಸಿಕ್ಕಿತು, ಮುಚ್ಚಿಟ್ಟವರು ಸಿಕ್ಕರು. ಡಾಕ್ಟರ್ ವೆಂಕಟಾಚಲ ಒಂದು ಮಾತು ಬರೆದುಕೊಟ್ಟರೆ ಕೊಟ್ರಪ್ಪನವರೂ ಹೊರಗೆ ಬರಬಹುದು. ಯಲ್ಲವ್ವನಿಗೆ ಇವತ್ತು ಉತ್ತರ ಹೇಳಬಹುದು.

ಕೀಲಿ ತಿರುಗಿಸುತ್ತಿದ್ದ ಕೈ ಅಲ್ಲೇ ನಿಂತಿತು.

ನಮ್ಮ ಕಡೆ ಸತ್ತವರನ್ನು ಹರಕು ಬೆಡ್‌ಶೀಟಿನಲ್ಲಿ ಸುತ್ತಿ ಮಣ್ಣು ಕೊಡುವುದಿಲ್ಲ. ಎಷ್ಟೇ ಬಡವರಿರಲಿ, ಅಂಗಡಿಯಿಂದ ಹೊಸ ಬಟ್ಟೆ ತಂದು ಹೊದಿಸುತ್ತಾರೆ. ಯಲ್ಲವ್ವ ನನ್ನ ಮುಂದೆ ಅತ್ತ ದಿನ ಹೇಳಿದ್ದಳು. "ಮದಿವಿಗೆ ಹೊಸಾ ಧೋತರಾ ತರಬೇಕಂದಿದ್ನಿ. ಮಣ್ಣಿಗೆ ತಂದ್ವಿ ಅಕ್ಕಾರ."

ಹಾಗಾದರೆ ಆ ಬಿಳಿ ಬಟ್ಟೆ ಮಣ್ಣಿಗೆ ಹೋಗಿಲ್ಲ.

ಹನಮಂತನ ಮೊಬೈಲಿಗೆ ಫೋನು ಮಾಡಿದೆ. ಶಾಲೆ ಬಿಡುವ ಹೊತ್ತು, ವ್ಯಾನು ಓಡಿಸುತ್ತಿದ್ದನೋ ಏನೋ, ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಬನ್ನೇರುಘಟ್ಟ ರಸ್ತೆಯಲ್ಲಿ ಲಾರಿಗಳ ಸಂದಿಯಲ್ಲಿ ನುಗ್ಗಿ, ಜಯದೇವ ಸರ್ಕಲ್ಲಿನಲ್ಲಿ ಸಿಕ್ಕಿಹಾಕಿಕೊಂಡು, ಎದುರಿಗಿದ್ದ ಬಸ್ಸಿಗೂ ಅದರ ಡ್ರೈವರನಿಗೂ ಬಾಯಿಗೆ ಬಂದಂತೆ ಬೈದು, ಅಂತೂ ಬಿ.ಟಿ.ಎಂ. ತಲುಪಿದೆ.

ಮೊದಲ ಮಹಡಿಯ ಒಂದೇ ಕೋಣೆಯ ಮನೆ. ಯಲ್ಲವ್ವ ಹೊಸ್ತಿಲ ಹತ್ತಿರ ಕೂತು ಸೊಪ್ಪು ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಎದ್ದು ಸೆರಗು ಸರಿಮಾಡಿಕೊಂಡಳು.

"ಬರ್ರಿ ಅಕ್ಕಾರ, ಕುಂದರ್ರಿ. ನೀರು ಕೊಡ್ಲ್ಯಾ?"

"ನೀರು ಬ್ಯಾಡ ಯಲ್ಲವ್ವ. ರವೀನ್ನ ಸಾಲಿಯಿಂದ ತರೂ ಮುಂದ ಒಂದು ಬಿಳಿ ಚಾದರಾ ಸುತ್ತಿದ್ರಂತಲ್ಲ, ಅದು ಎಲ್ಲಿ ಐತಿ?"

ಅವಳ ಮುಖ ಬಿಗಿಯಿತು.

"ಅದನ್ಯಾಕ ಎಲ್ಲಾರೂ ಕೇಳಾಕ ಹತ್ತೀರಿ?"

"ಎಲ್ಲಾರೂ ಅಂದ್ರ? ಮತ್ತ್ಯಾರು ಕೇಳಿದ್ರು?"

"ಗೌಡ್ರು ಬಂದಿದ್ರರಿ, ರವಿ ದಿನಕರ್ಮಾ ಮುಗದ ಮ್ಯಾಲ." ಅವಳು ಮೂಲೆಗೆ ಕೈ ತೋರಿಸಿದಳು. ಅಲ್ಲೊಂದು ಹೊಸ ರಗ್ಗು ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ಇತ್ತು, ಬಿಚ್ಚಿಯೇ ಇರಲಿಲ್ಲ. "ಆ ರಗ್ಗು ತಂದು ಇಟ್ರು. ಇದನ್ನ ಇಟ್ಟಗೊಂಡು ಆ ಬಿಳಿ ಬಟ್ಟಿ ಕೊಟ್ಟಬಿಡವಾ ಅಂದ್ರು. ನಾ ಕೊಡಲಿಲ್ಲ. ನನ್ನ ಮಗಾ ಕಡೀಕ ಹೊಚಗೊಂಡಿದ್ದು ಅದು. ಯಾಕ ಬೇಕಾಗಿತ್ರಿ ಅಂತ ಕೇಳಿದ್ನಿ. ಸುಮ್ಮನ ನಿಂತ್ರು, ಒಂದ ಮಾತ ಆಡಲಿಲ್ಲ. ರಗ್ಗು ಬಿಟ್ಟು ಹೋದ್ರು."

ಇದೇ ಹೊಸ್ತಿಲಿನಲ್ಲಿ ನಿಂತಿದ್ದರು. ಒಂದೇ ಒಂದು ಮಾತು ಸಾಕಿತ್ತು. "ಅದರಲ್ಲಿ ರೋಗ ಐತೆ ಕಣಮ್ಮ" ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟನ್ನು ಹೇಳಲಾರದೆ ರಗ್ಗು ಇಟ್ಟು ಹೋದ ಮನುಷ್ಯ, ಇವತ್ತು ನನ್ನ ಮುಂದೆ ಕೂತು ಮಣ್ಣಾಯ್ತು ಎಂದ.

"ಈಗ ಎಲ್ಲಿ ಐತಿ ಯಲ್ಲವ್ವ ಅದು?"

"ಐತ್ರಿ. ಹಂಗ ಇಟ್ರ ಮತ್ತ ಯಾರರ ಬಂದು ಒಯ್ದಾರು ಅಂತ, ಕೌದಿಗೆ ತ್ಯಾಪಿ ಹಚ್ಚಿಬಿಟ್ಟೀನಿ."

ಹಳೆ ಸೀರೆ, ಹರಿದ ಅಂಗಿ, ಯಾವುದನ್ನೂ ಎಸೆಯದೆ ತುಂಡು ತುಂಡು ಕೂಡಿಸಿ ಹೊಲಿಯುವ ಕೌದಿ. ನಾನೂ ಅಂಥದ್ದರ ಕೆಳಗೇ ಮಲಗಿ ಬೆಳೆದವಳು. ಅಜ್ಜಿಯ ಇಳಕಲ್ ಸೀರೆಯ ತುಂಡು ನನ್ನ ಕೆನ್ನೆಯ ಹತ್ತಿರ ಬರುತ್ತಿತ್ತು. ಸತ್ತವರು ಮನೆಯಲ್ಲೇ ಉಳಿಯುವುದು ಹಾಗೆ.

"ಒಗದು ಹಚ್ಚಿಯೇನು?" ಕೇಳಿದೆ.

"ಇಲ್ರಿ. ಒಗದ್ರ ಅವನ ವಾಸನಿ ಹೋಗತೈತಿ."

ಒಳಗೆ ಹೋದೆ. ಕೋಣೆಯ ಆ ತುದಿಯಲ್ಲಿ, ಕಿಟಕಿಯ ಕೆಳಗೆ, ಚಾಪೆಯ ಮೇಲೆ ಚನ್ನವೀರ ಗೋಡೆಗೆ ಮುಖ ಮಾಡಿ ಮಲಗಿದ್ದ. ಕೌದಿ ಕತ್ತಿನವರೆಗೆ ಹೊದಿಸಿತ್ತು. ಕೆಂಪು, ನೀಲಿ, ಹಸಿರು ತುಂಡುಗಳು. ತಲೆಯ ಕಡೆ ಒಂದು ದೊಡ್ಡ ಬಿಳಿ ತುಂಡು, ಸುತ್ತಲೂ ಒತ್ತೊತ್ತಾದ ಚಂದದ ಹೊಲಿಗೆ. ಮೂಲೆಯಲ್ಲಿ ಮೂರು ಚುಕ್ಕಿ, ಒಂದು ಗೆರೆ.

"ತಲಿ ಕಡೆ ಬರೂಹಂಗ ಹಚ್ಚೀನ್ರಿ," ಯಲ್ಲವ್ವ ಹಿಂದಿನಿಂದ ಹೇಳಿದಳು. "ಅಣ್ಣ ಬಾಜೂಕ ಇದ್ದಂಗ ಇರತೈತಿ ಅಂತ. ರಾತ್ರಿ ಭಾಳ ಹೆದರತಿದ್ದ. ಇದನ್ನ ಹೊಚ್ಚಿದ ಮ್ಯಾಲ ಚಲೋ ನಿದ್ದಿ ಮಾಡತಾನ."

"ಹಗಲೊತ್ತಿನ್ಯಾಗ ಯಾಕ ಮಲಗ್ಯಾನ?"

"ನೀವು ಏನೂ ಹೇಳಲಿಲ್ಲಲ್ರಿ. ನನಗ ಧೈರ್ಯ ಆಗಲಿಲ್ಲ, ಸಾಲಿ ಬಿಡಿಸಿ ಮನ್ಯಾಗ ಇಟ್ಟಗೊಂಡೀನಿ. ಮನ್ಯಾಗ ಇದ್ರ ಕಣ್ಣ ಮುಂದ ಇರತಾನ. ನಿನ್ನೆ ಸಂಜೀಲಿಂದ ಸ್ವಲ್ಪ ಮೈ ಬಿಸಿ ಆಗೇತಿ. ಉಷ್ಣ ಇರಬೇಕ್ರಿ."

ನಾನು ಮೊಣಕಾಲೂರಿ ಕೂತು ಕೌದಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಕೆಳಗೆ ಸರಿಸಿದೆ. ಹುಡುಗ ಕಣ್ಣು ಬಿಟ್ಟ. ಎದ್ದು ನನ್ನ ಕಡೆ ನೋಡಲು ಹೋಗಿ, ಆಗದೆ, ಹಾಗೇ ಗೋಡೆಯ ಕಡೆ ಮುಖ ಇಟ್ಟುಕೊಂಡ.

"ಯವ್ವಾ," ಅವನೆಂದ, "ಕುತ್ತಿಗಿ ಹೊಳ್ಳವಲ್ದು."

ಎಲುಬಿನ ಪಕ್ಕದಲ್ಲಿ ಚರ್ಮ ಕೆಂಪಗೆ ಬಿಗಿದು ಹೊಳೆಯುತ್ತಿತ್ತು. ಹಣೆ ಮುಟ್ಟಿದೆ. ಸುಡುತ್ತಿತ್ತು.

ಯಲ್ಲವ್ವ ನನ್ನ ಪಕ್ಕದಲ್ಲಿ ಬಂದು ಕೂತಳು. ಕೆಳಗೆ ಸರಿದಿದ್ದ ಕೌದಿಯನ್ನು ಎಳೆದು, ಬಿಳಿ ತುಂಡು ಮತ್ತೆ ಮಗನ ಕತ್ತಿನ ಹತ್ತಿರ ಬರುವಂತೆ ಮೆಲ್ಲಗೆ ಹೊದಿಸಲು ಹೋದಳು. ನಾನು ಅವಳ ಕೈ ಹಿಡಿದುಕೊಂಡೆ. ಯಾಕೆ ಹಿಡಿದೆನೆಂದು ತಿಳಿಯದೆ ಅವಳು ನನ್ನ ಮುಖ ನೋಡಿದಳು.

"ಅಕ್ಕಾರ," ಎಂದಳು, "ಸಾಲಿ ಬಿಡಿಸಿದ್ದು ಚಲೋ ಮಾಡಿದ್ನಿ, ಹೌದಲ್ರೀ?"